ಮೀನುಪೇಟೆಯ ಸಿಮೆಂಟ್ ಅತ್ತೆ

ಹೊನ್ನಾವರದಲ್ಲಿ ಭಟ್ಕಳದ ಬಸ್ಸು ಹತ್ತಿದರೆ, ಶರಾವತಿ ಸೇತುವೆ ದಾಟುವುದರೊಳಗೆ ಪಕ್ಕದವರು ಕೇಳುವ ಪ್ರಶ್ನೆ: "ಎಂತ ಕೆಲಸ ಮಾಡೂದು?" ಮಹಿಳಾ ಹಕ್ಕು ಎಂದರೆ ಕಿಟಕಿಯತ್ತ ತಿರುಗುತ್ತಾರೆ, ಇತಿಹಾಸ ಎಂದರೆ ತಮ್ಮ ವಂಶದ ಹಿರಿಮೆಯನ್ನು ಮಂಕಿಯವರೆಗೂ ಬಣ್ಣಿಸುತ್ತಾರೆ. ಎರಡೂ ನಿಜ. ನಮ್ಮ ಪುಟ್ಟ ಸಂಸ್ಥೆಯಲ್ಲಿ ಬೆಳಿಗ್ಗೆ ಹೆಂಗಸರ ಅರ್ಜಿ ಬರೆಯುತ್ತೇನೆ, ಮಧ್ಯಾಹ್ನ ಊರಿನ ಹಳೆಯ ನೆನಪುಗಳನ್ನು ಕೇಳಿಕೊಂಡು ಫಲಕಗಳಿಗೆ ಬರೆಯುತ್ತೇನೆ. ನಿದ್ದೆ ಬೇಕಾದ ದಿನ ಮೊದಲ ಉತ್ತರವನ್ನೇ ಕೊಡುತ್ತೇನೆ.

ಕುಮಟಾ ಕಡೆಯ ಒಂದು ಮೀನುಪೇಟೆ ಕಳೆದ ವರ್ಷ ಈ ಎರಡು ಕೆಲಸಗಳನ್ನೂ ಒಟ್ಟಿಗೆ ತಂದಿತು. ಪೇಟೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು, ಪೇಟೆಯ ಬಾಗಿಲಲ್ಲಿ ಮೀನು ಮಾರುವ ಹೆಣ್ಣಿನ ಸಿಮೆಂಟ್ ಪ್ರತಿಮೆ ನಿಲ್ಲಿಸುತ್ತೇವೆ, ಅದಕ್ಕೊಂದು ಚರಿತ್ರೆ ಬರೆದುಕೊಡಿ ಎಂದು ಹೇಳಿಹೋದರು. ಅವರ ಹಿಂದೆಯೇ ನಾಗಮ್ಮಕ್ಕ ಬಂದರು. ಆ ಬಾಗಿಲಲ್ಲಿ ಕುಳಿತು ಮೀನು ಮಾರುವವರು ಅವರೇ. ಪ್ರತಿಮೆಗೆ ಜಾಗ ಬಿಟ್ಟು ಹಿಂದಿನ ಗಟಾರದ ಬದಿಗೆ ಹೋಗುವಂತೆ ಅವರಿಗೆ ಹೇಳಲಾಗಿತ್ತು.

"ಅಲ್ಲಿಗೆ ಯಾವ ಗಿರಾಕಿ ಬತ್ತರೆ ತಂಗಿ? ಮೀನು ಮಾರೂಳನ್ನ ಎಬ್ಸಿ, ಮೀನು ಮಾರೂಳ ಬೊಂಬೆ ನಿಲ್ಸೂದು ಎಂತ ಶಾಣೇತನ?"

ನೀವೂ ಗಮನಿಸಿರಬಹುದು, ನಮ್ಮಲ್ಲಿ ಗೌರವಕ್ಕೆ ಪಾತ್ರಳಾಗಲು ಹೆಣ್ಣು ಮೊದಲು ಸಿಮೆಂಟಾಗಬೇಕು. ಸಿಮೆಂಟಿಗೆ ಮೀನಿನ ವಾಸನೆಯಿಲ್ಲ, ಅದು ಎದುರು ಮಾತಾಡುವುದಿಲ್ಲ. ನಾಗಮ್ಮಕ್ಕನನ್ನು ಎಬ್ಬಿಸಬೇಡಿ ಎಂದು ನಾವು ಕೊಟ್ಟ ಅರ್ಜಿಯನ್ನು ಅಧ್ಯಕ್ಷರು ಮಡಿಸಿ, ಸೆಖೆಗೆ ಬೀಸಿಕೊಂಡರು. ಆಗ ನಾನು ಚರಿತ್ರೆಯತ್ತ ತಿರುಗಿದೆ. ಆ ಪೇಟೆಯಲ್ಲಿ ಅತ್ತೆ ಕುಳಿತ ಜಾಗ ಸೊಸೆಯದು. ಕಾಗದಪತ್ರವಿಲ್ಲದ ಈ ಕಟ್ಟಳೆಯನ್ನು ಮುರಿದ ಮನೆಗೆ ಉಳಿದ ಹೆಂಗಸರು ಮೀನು ಕೊಡುವುದಿಲ್ಲ. ಬಾಗಿಲಲ್ಲಿ ಮೊದಲು ಕುಳಿತವರು ನಾಗಮ್ಮಕ್ಕನ ಅತ್ತೆ ದೇವಮ್ಮ, ಪ್ರತಿಮೆಗೆ ಅವರ ಹೆಸರಿಡಿ ಎಂದು ಬರೆದುಕೊಟ್ಟೆ. ಒಂದಕ್ಷರವೂ ಸುಳ್ಳಲ್ಲ. ತೀರಿಹೋದ ಹೆಂಗಸಿನ ಬಗ್ಗೆ ಅಧ್ಯಕ್ಷರಿಗೆ ತಕರಾರೇನೂ ಇರಲಿಲ್ಲ.

ಉದ್ಘಾಟನೆಯ ಭಾಷಣದಲ್ಲಿ ಅವರು, "ಈ ಜಾಗ ಎಂದೆಂದಿಗೂ ದೇವಮ್ಮನದು" ಎಂದು ಗದ್ಗದಿತರಾದರು. ಚಪ್ಪಾಳೆ ನಿಲ್ಲುವ ಮೊದಲೇ ನಾಗಮ್ಮಕ್ಕ ಬುಟ್ಟಿ ತಂದು ಪ್ರತಿಮೆಯ ಬುಡದಲ್ಲಿ ಕುಳಿತರು.

"ಇಲ್ಲೆಂತಕ್ಕೆ ಕೂತೆ?" ಎಂದರು ಅಧ್ಯಕ್ಷರು.

"ಜಾಗ ನಮ್ಮತ್ತೀದು ಅಂತ ಈಗ ನೀವೇ ಹೇಳಿದ್ರಲ. ಸೊಸೆ ಬೇರೆ ಎಲ್ಲಿ ಕೂರೂದು?"

ಸುತ್ತಲಿನ ಹೆಂಗಸರು ಕತ್ತಿ ಕೆಳಗಿಟ್ಟು ನೋಡುತ್ತಿದ್ದರು. ಅಧ್ಯಕ್ಷರು ಬೆಂಬಲಕ್ಕಾಗಿ ತಮ್ಮ ಹೆಂಡತಿಯನ್ನು ಹುಡುಕಿದರು. ಆಕೆ ಆಗಲೇ ಬುಟ್ಟಿಯ ಮುಂದೆ ಬಗ್ಗಿ, ಬಂಗುಡೆಯ ಕಿವಿರು ಎತ್ತಿ ಪರೀಕ್ಷಿಸುತ್ತಿದ್ದರು.

"ಜರಾ ಸರೀರಿ," ಎಂದರು ಗಂಡನಿಗೆ, "ಬೆಳಕಿಗೆ ಅಡ್ಡ ಆತು."