ಮೈಕ್ ಸಿಸ್ಟರ್ ಹೆತ್ತದ್ದು

ತುರ್ತು ಚಿಕಿತ್ಸಾ ವಿಭಾಗದ ಆ ಹಿರಿಯ ನರ್ಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮೈಕ್ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಕೂಗಿದರೆ ಅಂಗಳದ ಆಚೆ ಕೂತ ಆಂಬುಲೆನ್ಸ್ ಡ್ರೈವರ್ ಟೀ ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದ. ಯಾವ ಹೆರಿಗೆ ನೋವು ನಿಜ, ಯಾವುದು ಸುಳ್ಳು ಎಂದು ಮುಖ ನೋಡಿಯೇ ಹೇಳುತ್ತಾಳೆಂಬ ಹೆಸರೂ ಅವಳಿಗಿತ್ತು. ಆ ಹೆಸರನ್ನು ಹಬ್ಬಿಸಿದ್ದು ಅವಳೇ ಎಂದು ಡಾಕ್ಟರಮ್ಮ ನಗುತ್ತಿದ್ದರು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳು ಬಸುರಿಯಾದಳು. ತಿಂಗಳು ತುಂಬುತ್ತ ಬಂದರೂ ರಜೆ ಹಾಕಲಿಲ್ಲ. ದರ್ಜಿ ಗಂಡ ಮಗುವಿಗೆ ಅಂಗಿ ಹೊಲಿಯಲು ಕೂತರೆ, "ಇನ್ನೂ ಟೈಮಿದೆ ರೀ, ಮೊದಲು ಗಿರಾಕಿಗಳ ಬ್ಲೌಸ್ ಮುಗಿಸಿ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಚೊಚ್ಚಲ ಬಸುರಿಯೊಬ್ಬಳು ಸೊಂಟ ಹಿಡಿದುಕೊಂಡು ಅಳುತ್ತ ಬಂದಳು. ಡಾಕ್ಟರಮ್ಮ ಪರೀಕ್ಷಿಸಿ ಇನ್ನೂ ಹೆರಿಗೆ ಶುರುವಾಗಿಲ್ಲ ಎಂದರು. ಸಿಸ್ಟರ್ ಆ ಹುಡುಗಿಯನ್ನು ವರಾಂಡದಲ್ಲಿ ಓಡಾಡಿಸಿದಳು. ನೋವು ಇಳಿಯಿತು.

"ನೋಡಮ್ಮಾ, ನಡೆದ್ರೆ ಹೋಗೋದು ಸುಳ್ಳು ನೋವು. ನಿಜವಾದದ್ದು ನಡೆದ್ರೂ ಬಿಡಲ್ಲ, ಕೂತ್ರೂ ಬಿಡಲ್ಲ. ಬೆನ್ನಿಂದ ಸುತ್ತಿ ಹೊಟ್ಟೆಗೆ ಬರುತ್ತೆ. ಬಿಟ್ಟು ಬಿಟ್ಟು ಬರುತ್ತೆ, ಆಮೇಲೆ ಹತ್ತಿರ ಹತ್ತಿರ... ಅಯ್ಯಮ್ಮಾ!"

ಸಿಸ್ಟರ್ ಗೋಡೆ ಹಿಡಿದು ನಿಂತಳು.

"ನಿಮಗೂ ಬಂತಾ ಸಿಸ್ಟರ್?"

"ನಂದು ಗ್ಯಾಸು. ನೀನು ಮನೆಗೆ ಹೋಗು."

ಹುಡುಗಿ ಹೋದಳು, ಗ್ಯಾಸು ಹೋಗಲಿಲ್ಲ. ಓಮದ ನೀರು ಕುಡಿದರೂ ಬಗ್ಗಲಿಲ್ಲ. ಅಷ್ಟರಲ್ಲಿ ಕಾಲಡಿಯ ನೆಲ ಒದ್ದೆಯಾಯಿತು.

"ಯಾರ್ರೀ ಇಲ್ಲಿ ನೀರು ಚೆಲ್ಲಿದ್ದು?" ಎಂದು ಗದರಿದಳು.

ಆಯಾ ಮೆಲ್ಲಗೆ ಹೇಳಿದಳು: "ನೀವೇ ಅಕ್ಕಾ."

ಆಮೇಲೆ ಕೇಳಬೇಕೆ? ಹೆರಿಗೆ ಟೇಬಲ್ ಮೇಲೆ ಮಲಗಿಯೂ ಅವಳ ಡ್ಯೂಟಿ ಮುಗಿಯಲಿಲ್ಲ.

"ಗ್ಲೌಸ್ ಹಾಕ್ಕೊಂಡ್ರಾ ಡಾಕ್ಟ್ರೇ? ತಲೆ ಕಾಣ್ತಿದೆಯಾ? ಈಗಲೇ ತಿಣುಕಬೇಡ ಅಂತ ನಂಗೆ ಹೇಳಿ!"

"ನೀವೇ ಹೇಳ್ಕೊಂಡ್ರಲ್ಲ ಸಿಸ್ಟರ್."

"ನಾನು ಹೇಳಿದ್ರೆ ನಾನು ಕೇಳ್ತೀನಾ? ನೀವು ಗದರಿಸಿ!"

ಹೆಣ್ಣು ಮಗು ಹುಟ್ಟಿತು. ಮಾಸೂ ಬಿತ್ತು. ಎಲ್ಲರೂ ನಗುತ್ತಿರುವಾಗಲೇ ಸಿಸ್ಟರಿಗೆ ಸೊಂಟದ ಕೆಳಗೆ ಬೆಚ್ಚಗೆ ಹರಿಯುತ್ತಿರುವುದು ತಿಳಿಯಿತು. ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ದೀಪ ದೂರ ಸರಿದಂತಾಯಿತು.

ಮಗುವಿನ ಕಡೆ ತಿರುಗಿದ್ದ ಡಾಕ್ಟರಮ್ಮ ಗಕ್ಕನೆ ನಿಂತರು. "ಸಿಸ್ಟರ್ ಯಾಕೆ ಸುಮ್ಮನಾದ್ರು?"

ಹೊದಿಕೆ ಎತ್ತಿದರೆ ಹಾಸಿಗೆಯೆಲ್ಲ ರಕ್ತ. ಗರ್ಭಕೋಶ ಬಿಗಿಯಾಗದೆ ಮೆತ್ತಗೇ ಉಳಿದಿತ್ತು. ಡಾಕ್ಟರಮ್ಮ ಹೊಟ್ಟೆಯನ್ನು ಬಲವಾಗಿ ಉಜ್ಜತೊಡಗಿದರು. ಒಬ್ಬರು ಇಂಜೆಕ್ಷನ್ ಕೊಟ್ಟರು, ಇನ್ನೊಬ್ಬರು ಡ್ರಿಪ್ ಏರಿಸಿದರು, ಆಯಾ ರಕ್ತದ ಬಾಟಲಿಗೆ ಓಡಿದಳು. ಕೊನೆಗೆ ಟೇಬಲ್ ಮೇಲಿಂದ ಕ್ಷೀಣವಾದ ದನಿ ಬಂತು:

"ಮೆಲ್ಲಗೆ ಡಾಕ್ಟ್ರೇ... ನಾನೇನು ನಾದೋ ಹಿಟ್ಟಾ?"

"ಬೈಯಿರಿ ಸಿಸ್ಟರ್, ಇನ್ನೂ ಬೈಯಿರಿ!" ಎಂದ ಡಾಕ್ಟರಮ್ಮನ ಕಣ್ಣು ತುಂಬಿತ್ತು.

ಗಂಡ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿ ಬಂದ. ಮಗುವಿನ ಕಡೆ ನೋಡದೆ ಹೆಂಡತಿಯ ಪಾದ ಹಿಡಿದುಕೊಂಡು, "ಹೆದರಿಬಿಟ್ಟೆ ಕಣೇ" ಎಂದ.

"ನಾನೂ ಹೆದರಿದ್ದೆ ರೀ."

ಇಷ್ಟು ವರ್ಷಗಳ ಸಂಸಾರದಲ್ಲಿ ಅವನು ಆ ಮಾತು ಕೇಳಿದ್ದು ಅದೇ ಮೊದಲು. ಪಾದ ಬಿಟ್ಟು ಎದ್ದು, ಬಟ್ಟೆಯ ಥಾನು ಎತ್ತುವವನಂತೆ ಎರಡು ಕೈ ಚಾಚಿ ಮಗುವನ್ನು ಎತ್ತಲು ಹೋದ.

"ಕತ್ತಿನ ಕೆಳಗೆ ಕೈ ಇಡ್ರೀ!"

ಪಕ್ಕದ ವಾರ್ಡಿನವರೂ ತಿರುಗಿ ನೋಡಿದರು.