ಈರಣ್ಣನ ಗಂಟಲು, ನನ್ನ ಹೊಟ್ಟೆಕಿಚ್ಚು

ಹೋದ ಭಾನುವಾರ ಬಸ್ಸು ಅಮೀನಗಡದಲ್ಲಿ ನಿಂತಾಗ ನೋಡುತ್ತೇನೆ, ಹದಿನಾಲ್ಕು ವರ್ಷಗಳಿಂದ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆನೋ ಆ ಮನುಷ್ಯ ಕರದಂಟಿನ ಅಂಗಡಿ ಮುಂದೆ ಚಹಾ ಕುಡಿಯುತ್ತಿದ್ದ.

ಇಳಕಲ್ಲಿನ ಈರಣ್ಣ. ಮೂವತ್ತು ದಾಟಿದವರಿಗೆ ನೆನಪಿರಬೇಕು. (ಇಲ್ಲ ಅಂದರೆ ನನಗೆ ಒಳಗೊಳಗೇ ಖುಷಿ.) ಹದಿನೇಳು ವರ್ಷಕ್ಕೇ ನಮ್ಮ ಆರ್ಕೆಸ್ಟ್ರಾದ ಹೀರೋ. ಬೆಲ್‌ಬಾಟಮ್ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಹುನಗುಂದದಲ್ಲಿ ಅವನು ಪಾಪ್ ಹಾಡು ಹಾಡುತ್ತಾನೆಂದರೆ ಬಾಗಲಕೋಟೆಯಿಂದ ಕಾಲೇಜು ಹುಡುಗರು ಲಾರಿ ಹತ್ತಿ ಬರುತ್ತಿದ್ದರು.

ಇನ್ನೊಬ್ಬ ಗಾಯಕನೂ ಇದ್ದ. ಈರಣ್ಣ ಅಂಗಿ ಬದಲಿಸಿ ಬರುವ ತನಕ ಹಾಡುವುದು ಅವನ ಕೆಲಸ. ಆಗ ಜನ ಶೇಂಗಾ ಕೊಳ್ಳಲು ಏಳುತ್ತಿದ್ದರು. ಆ ಗಾಯಕ ನಾನೇ!

ನಾನು ಐದು ವರ್ಷ ಸಂಗೀತ ಕಲಿತವನು. ಅವನು ಒಂದು ದಿನವೂ ಇಲ್ಲ. ಚಪ್ಪಾಳೆ ಯಾರಿಗೆ?

ಈರಣ್ಣನಿಗೆ ಕುಡಿತ ಮೊದಲು ಅಭಿಮಾನಿಗಳ ಪ್ರೀತಿಯಾಗಿ ಬಂತು. ಆಮೇಲೆ ಕುಡಿಯದೆ ಸ್ಟೇಜ್ ಹತ್ತಲಾಗದು ಎಂಬಲ್ಲಿಗೆ ಮುಟ್ಟಿತು. ಬಾದಾಮಿ ಕಾರ್ಯಕ್ರಮಕ್ಕೆ ಹೊರಟಾಗ ಅವನ ಹೆಂಡತಿ ನೀಲವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ಅಣ್ಣಾರ, ಇವತ್ತೊಂದಿನ ಇವ್ರು ಕುಡೀದಂಗ ನೋಡ್ಕೋರಿ."

ಆಯಿತೆಂದೆ.

ಸ್ಟೇಜಿನ ಹಿಂದೆ ಈರಣ್ಣನ ಕೈ ನಡುಗುತ್ತಿತ್ತು. "ಲೇ, ಒಂದ ಕ್ವಾರ್ಟರ್ ತಂದ ಕೊಡೋ. ಇಲ್ಲಾಂದ್ರ ನನ್ನ ಕೈಲೆ ಆಗೂದಿಲ್ಲ."

ತಂದುಕೊಟ್ಟೆ. ಒಂದಲ್ಲ, ಎರಡು.

ಎರಡನೇ ಹಾಡಿಗೆ ಮೈಕ್ ಸಮೇತ ಬಿದ್ದ. ಉಳಿದದ್ದೆಲ್ಲ ನಾನು ಹಾಡಿದೆ. ಜನ ಕೂಗಿದ್ದು ಮಾತ್ರ ಅವನ ಹೆಸರನ್ನೇ. ಆರ್ಕೆಸ್ಟ್ರಾ ಮುರಿಯಿತು. ನಾನು ಗುಮಾಸ್ತನಾದೆ, ಅವನು ಎಲ್ಲೋ ಚರಂಡಿ ಪಕ್ಕ ಬಿದ್ದಿರುತ್ತಾನೆಂದು ಕೇಳಿದೆ. ದುಃಖವಾಯಿತೇ? ಸುಳ್ಳು ಯಾಕೆ ಹೇಳಲಿ.

ಈಗ ಆ ಈರಣ್ಣ ಬಸ್ಸಿಳಿದು ಬಂದ ನನ್ನ ಕೈಗೆ ಚಹಾ ಕೊಟ್ಟ. ಕೈ ನಡುಗಲಿಲ್ಲ.

"ಹದಿನೇಳಕ್ಕ ಮಂದಿ ಹೆಗಲ ಮ್ಯಾಲೆ ಹೊತ್ರು. ಇಳಿಯೂದ ಹೆಂಗಂತ ಯಾರೂ ಕಲಿಸಲಿಲ್ಲ" ಎಂದ. "ನೀಲವ್ವ ಬಾಗಲಕೋಟಿ ದವಾಖಾನಿಗೆ ಹಾಕಿದ್ಲು. ಎರಡ ಸಲ ಓಡಿ ಬಂದ್ನಿ. ಮೂರನೇ ಸಲ ಆಕಿ ವಾರ್ಡಿನ ಬಾಗಲಕ್ಕ ಅಡ್ಡ ಚಾಪಿ ಹಾಸ್ಕೊಂಡ ಮಲಗಿದ್ಲು. ದಾಟಾಕ ಆಗಲಿಲ್ಲ. ಈಗ ನಾಕ ವರ್ಷಾತು, ಮುಟ್ಟಿಲ್ಲ. ಗುಡೂರಾಗ ಮಗ್ಗ ನೇಯ್ತೇನಿ."

ಅಂಗಡಿಯವರು ಬಿಡಲಿಲ್ಲ. "ಒಂದ ಹಾಡ್ರಿ ಈರಣ್ಣಾರ."

ಹಾಡಿದ. ಮೇಲಿನ ಸ್ವರ ಹೋಗಿಬಿಟ್ಟಿದೆ. ಗಂಟಲು ಒಡೆದಿದೆ. ಆದರೂ ನಮ್ಮ ಕಂಡಕ್ಟರ್ ಸೀಟಿ ಊದುವುದನ್ನು ಮರೆತು ನಿಂತ. ಒಡೆದ ಗಂಟಲಿಗೂ ಜನ ಹೀಗೆ ನಿಲ್ಲಬೇಕೇ? ನನ್ನ ಎದೆಯಲ್ಲಿ ಆ ಹಳೆಯ ಉರಿ ಮತ್ತೆ ಎದ್ದಿತು.

ಆ ಉರಿಯೇ ಬಾಯಿ ಬಿಡಿಸಿತೋ ಏನೋ. "ಈರಣ್ಣ, ಬಾದಾಮ್ಯಾಗ ಆ ಬಾಟ್ಲಿ..."

"ಗೊತ್ತೈತಿ. ನಾ ಒಂದ ಕೇಳಿದ್ನಿ."

ನಾನು ಖಾಲಿ ಲೋಟವನ್ನು ಅಂಗಡಿ ಕಟ್ಟೆಯ ಮೇಲಿಟ್ಟೆ.

"ಕುಡದಾವ ನಾನಪಾ" ಎಂದ. "ಆ ತಪ್ಪ ನಿನ್ನ ತಲಿಗೆ ಕಟ್ಟಿದ್ರ ನಾ ಇನ್ನೂ ಕುಡೀತಿದ್ನಿ. ಬಸ್ ಹೊಂಟತಿ, ಹತ್ತು."

ಹತ್ತಿದೆ. ಕಿಟಕಿಯಿಂದ ನೋಡಿದರೆ ನಗುತ್ತ ಕೈಬೀಸುತ್ತಿದ್ದ.

ಗಂಟಲು ಕೊಟ್ಟ ದೇವರು ಆ ಮನಸ್ಸನ್ನೂ ಅವನಿಗೇ ಕೊಡಬೇಕಿತ್ತೇ?