ಸೌಟಿನ ಹಿಡಿ ಯಾರ ಕಡೆಗೆ

ಸಾರಿನ ಪಾತ್ರೆಯಲ್ಲಿ ಸೌಟಿನ ಹಿಡಿ ಯಾವ ಕಡೆಗೆ ತಿರುಗಿರುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಗಮನಿಸಿರಲಾರಿರಿ; ಹಸಿದವರ ದೃಷ್ಟಿ ಸಾರಿನ ಮೇಲಿರುತ್ತದೆಯೇ ಹೊರತು ಸೌಟಿನ ಮೇಲಲ್ಲ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅದು ದಿಕ್ಸೂಚಿಯ ಮುಳ್ಳಿನಂತೆ ಸದಾ ಒಂದೇ ದಿಕ್ಕನ್ನು ತೋರಿಸುತ್ತದೆ: ಅಕ್ಕನ ಬಲಗೈಯನ್ನು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ ರಾಜಮ್ಮ. ನಮ್ಮ ಯಜಮಾನರ ದಿವಂಗತ ಅಣ್ಣನ ಹೆಂಡತಿ, ಹಂಗಳದ ಹೆಣ್ಣುಮಗಳು.

ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಶಿಸ್ತಿಗೆ ಪಕ್ಕಾಗಿ, ಸೂಪ್ ಕುಡಿಯುವಾಗ ಸದ್ದು ಮಾಡಬಾರದು, ನ್ಯಾಪ್‌ಕಿನ್ನನ್ನು ತೊಡೆಯ ಮೇಲೆ ಹಾಸಿಕೊಳ್ಳಬೇಕು ಎಂಬಿತ್ಯಾದಿ ದಿವ್ಯಜ್ಞಾನವನ್ನೆಲ್ಲ ಸಂಪಾದಿಸಿಕೊಂಡು ನಾನು ಈ ಮನೆಗೆ ಸೊಸೆಯಾಗಿ ಬಂದಾಗ, ಇಲ್ಲಿ ಸೂಪೂ ಇರಲಿಲ್ಲ, ನ್ಯಾಪ್‌ಕಿನ್ನೂ ಇರಲಿಲ್ಲ. ರಾಗಿ ಬೀಸುವ ಕಲ್ಲಿತ್ತು. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು ಗೂಟ ಹಿಡಿಸಿದಳು. ನಾನು ಟೆನಿಸ್ ಆಡಿದ ತೋಳಿನ ಪೌರುಷವನ್ನೆಲ್ಲ ಪ್ರಯೋಗಿಸಿ ಎಳೆದೆ, ಕಲ್ಲು ಅಲ್ಲಾಡಲಿಲ್ಲ. "ಇಬ್ರೂ ಎಳುದ್ರೆ ಕಲ್ ನಿಂತೋಯ್ತದೆ ಕಣಮ್ಮಿ. ಅರ್ಧ ಸುತ್ತು ನಾನು ತಳ್ತೀನಿ, ಇನ್ನರ್ಧ ನೀನು ಎಳ್ಕೋ. ಮಧ್ಯದಲ್ಲಿ ಕೈ ಸಡ್ಲ ಬುಡು," ಎಂದಳು. ಮೋರಲ್ ಸೈನ್ಸ್ ಪುಸ್ತಕದಲ್ಲಿ ಇದರ ಸುದ್ದಿಯೇ ಇರಲಿಲ್ಲ ನೋಡಿ.

ಕಲ್ಲಿನ ಮುಂದೆ ಹೀಗೆ ಅರ್ಧರ್ಧ ಹಂಚಿಕೊಳ್ಳುತ್ತಿದ್ದ ಅಕ್ಕ ಊಟದ ವಿಷಯದಲ್ಲಿ ಮಾತ್ರ ಏಕಚಕ್ರಾಧಿಪತಿ. ಎಲ್ಲರಿಗೂ ಬಡಿಸಿ, ಎಲ್ಲರೂ ಕೈ ತೊಳೆದು, ನೆಲ ಒರೆಸಿ ಆದ ಮೇಲೆ, ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಅಡುಗೆಮನೆಯ ಹೊಸ್ತಿಲ ಬಳಿ ಒಬ್ಬಳೇ ಉಣ್ಣುವುದು ಅವಳ ನೇಮ. ಉಳಿಯದಿದ್ದರೆ ಒಂದು ಲೋಟ ಮಜ್ಜಿಗೆ. ಅವಳ ಅತ್ತೆ ಹಾಗೆ ಉಂಡರಂತೆ, ಅತ್ತೆಯ ಅತ್ತೆಯೂ ಹಾಗೇ ಉಂಡರಂತೆ. ನಾವು ಕರೆದು ಕರೆದು ಸೋತು, ಕ್ರಮೇಣ ಕರೆಯುವುದನ್ನೂ ಬಿಟ್ಟು, ಅದು ಆ ಮನೆಯ ಹವಾಮಾನವೋ ಎಂಬಂತೆ ಒಗ್ಗಿಹೋಗಿದ್ದೆವು.

ಹೋದ ವರ್ಷ ಅವಳು ಒಲೆಯ ಮುಂದೆ ತಲೆ ತಿರುಗಿ ಬಿದ್ದಳು. ಚಾಮರಾಜನಗರದ ಡಾಕ್ಟರು ಹೊಟ್ಟೆಯಲ್ಲಿ ಹುಣ್ಣಾಗಿದೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ ಮಾಡಬೇಕು ಎಂದರು. ಅಕ್ಕ ಭಕ್ತಿಯಿಂದ ತಲೆಯಾಡಿಸಿದಳು. ಮನೆಗೆ ಬಂದು ಎಲ್ಲರಿಗೂ ಬಡಿಸಿದ ಮೇಲೆಯೇ ಮಾತ್ರೆ ನುಂಗಿದಳು. ಮತ್ತೊಮ್ಮೆ ಬಿದ್ದಳು. ಅವಳ ಮಗಳು ಶಶಿ, ಬದನಗುಪ್ಪೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಹತ್ತು ಗಂಡಸರನ್ನು ಹದ್ದುಬಸ್ತಿನಲ್ಲಿಡುವವಳು, ಆ ದಿನ ನನ್ನ ಹೆಗಲಿಗೆ ತಲೆಯಾನಿಸಿ, "ಚಿಗವ್ವ, ಅವ್ವ ಇಂಗೇ ಮಾಡುದ್ರೆ ಒಂದಿನ ಅಡುಗೆಮನೇಲೇ ಓಗ್ಬುಡ್ತಾಳೆ," ಎಂದು ಅತ್ತಳು.

ಬೆಂಗಳೂರಿನ ದೊಡ್ಡ ಡಾಕ್ಟರೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಆಸ್ಪತ್ರೆಯಿಂದ ಹೊರಬರುವಾಗ ಶಶಿಗೆ ಹೊಳೆಯಿತು: "ಅವ್ವಂಗೆ ಬಡ್ಸಾಕೇ ಆಗದಿರೋ ಜಾಗಕ್ಕೆ ಓಗನ." ಹಾಗೆ ನಾವು ನಾಲ್ವರು, ಅಕ್ಕ, ಶಶಿ, ನಾನು ಮತ್ತು ನಮ್ಮ ಯಜಮಾನರು, ಒಂದು ಹಳೆಯ ಚೀನೀ ಹೋಟೆಲಿನ ಕೆಂಪು ಲಾಂದ್ರಗಳ ಕೆಳಗೆ ನಿಂತೆವು. ಸಸ್ಯಾಹಾರಕ್ಕೆ ಬೇರೆ ಒಲೆ, ಬೇರೆ ಬಾಣಲಿ ಇದೆಯೇ ಎಂದು ಅಕ್ಕ ಬಾಗಿಲಲ್ಲಿ ಒಮ್ಮೆ, ಕೂತ ಮೇಲೆ ಒಮ್ಮೆ ವಿಚಾರಿಸಿದಳು. ಇದೆ ಎಂದವರು ಒಡತಿ: ನಮ್ಮದೇ ವಯಸ್ಸಿನ ಚೀನೀ ಮೂಲದ ಹೆಂಗಸು, ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ ಅಂತೆ, ಕನ್ನಡ ನನ್ನದಕ್ಕಿಂತ ಸಲೀಸು.

ದುಂಡು ಮೇಜು; ಅದರ ನಡುವೆ ತಿರುಗುವ ಗಾಜಿನ ತಟ್ಟೆ. ಅದರ ಮೇಲೆ ತಿಳಿ ಸೂಪು, ಹಬೆಯಾಡುವ ಅನ್ನ, ಖಾರವಿಲ್ಲದ ನೂಡಲ್ಸು, ಪನೀರಿನ ತಂಗಿಯಂಥ ತೋಫು ಬಂದು ಕುಳಿತವು. ಶಶಿ ಗೆದ್ದವಳಂತೆ ನನ್ನತ್ತ ನೋಡಿದಳು. ಆದರೆ ಅಕ್ಕ ಆ ಗಾಜನ್ನು ಒಮ್ಮೆ ಬೆರಳಿನಿಂದ ನೂಕಿ ನೋಡಿ, "ಅಯ್, ಬೀಸೋ ಕಲ್ಲು!" ಎಂದಳು. ಅಲ್ಲಿಗೆ ನಮ್ಮ ಯೋಜನೆ ನುಚ್ಚುನೂರಾಯಿತು. ಕೂತಲ್ಲಿಂದಲೇ ಬಡಿಸುವ ಇಂಥ ಯಂತ್ರ ತನಗಾಗಿಯೇ ಸೃಷ್ಟಿಯಾದದ್ದೆಂದು ಅವಳು ಭಾವಿಸಿರಬೇಕು. ಅನ್ನ ಯಜಮಾನರ ಮುಂದೆ, ತೋಫು ಶಶಿಯ ಮುಂದೆ, ನೂಡಲ್ಸು ನನ್ನ ಮುಂದೆ ಗಿರ್ರನೆ ಬಂದು ನಿಂತವು. ಅವಳ ಮುಂದೆ ಮಾತ್ರ ಏನೂ ನಿಲ್ಲಲಿಲ್ಲ.

"ಅವ್ವ, ನೀನ್ ಆಕ್ಕೋ."

"ನೀವ್ ಉಣ್ರವ್ವ, ನಂಗೇನ್ ಅವಸ್ರ?"

ಶಶಿಯ ಕಣ್ಣು ತುಂಬಿತು. ಯಜಮಾನರು ಚಮಚ ಎತ್ತಿದ್ದರು. ಅಷ್ಟರಲ್ಲಿ ಒಡತಿ ಬಂದು, ಸಂಕೋಚದಿಂದಲೇ, "ಅಮ್ಮಾ, ಫಸ್ಟ್ ನೀವು ತಗೊಳ್ಳಿ. ನಮ್ಮನೇಲಿ ದೊಡ್ಡೋರು ಬಾಯಿಗೆ ಇಡೋವರೆಗೂ ಯಾರೂ ಮುಟ್ಟಲ್ಲ," ಎಂದರು.

ಶಶಿ ತಟ್ಟನೆ ಕೈ ಕಟ್ಟಿ ಕುಳಿತಳು. ನಾನೂ ಕಟ್ಟಿದೆ. ಯಜಮಾನರು ಚಮಚವನ್ನು ಬಹಳ ವ್ಯಸನದಿಂದ ಕೆಳಗಿಟ್ಟರು. ಹಬೆ ತೆಳುವಾಗುತ್ತ ಹೋಯಿತು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳ ಜೀವಮಾನದಲ್ಲಿ ಅನ್ನ ಮುಂದಿಟ್ಟುಕೊಂಡು ಯಾರೂ ಹೀಗೆ ಹಸಿದು ಕೂತದ್ದಿಲ್ಲ.

"ಏನ್ರವ್ವ ನಿಮ್ ಅಟ! ಅವ್ರಿಗೆ ಸಕ್ಕರೆ ಕಾಯ್ಲೆ ಕಣಮ್ಮಿ. ಒತ್ತು ಮೀರುದ್ರೆ ಕೈ ನಡುಗ್ತದೆ."

"ನಡುಗಲಿ ಬಿಡು ಅತ್ತಿಗೆ," ಎಂದರು ಯಜಮಾನರು. ಮದುವೆಯಾದಂದಿನಿಂದ ಅವರು ಆಡಿದ ಇಷ್ಟು ಉದಾತ್ತವಾದ ಮಾತು ನನಗೆ ನೆನಪಿಲ್ಲ.

ಅಕ್ಕ ಮತ್ತೆ ಗಾಜನ್ನು ನಮ್ಮತ್ತ ತಳ್ಳಿದಳು. ಎದುರಿಗೆ ಕೂತಿದ್ದ ನಾನು, ಎಷ್ಟೋ ವರ್ಷಗಳ ಮೇಲೆ ಗೂಟ ಹಿಡಿದಂತೆ ಅದರ ಅಂಚು ಹಿಡಿದೆ. "ಅಕ್ಕ, ನಿನ್ನ ಅರ್ಧ ಸುತ್ತು ಆಯ್ತು. ಇನ್ನರ್ಧ ನಂದು. ಕೈ ಸಡ್ಲ ಬುಡು," ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೆರಳು ಸಡಿಲವಾಯಿತು. ಅನ್ನದ ಬಟ್ಟಲು ನಿಧಾನವಾಗಿ ತಿರುಗಿ ಅವಳ ಮುಂದೆ ನಿಂತಿತು.

ಸ್ವಲ್ಪ ಅನ್ನ ಹಾಕಿಕೊಂಡು, ತೋಫು ಮುರಿದು, ಚಮಚವನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಒಂದು ತುತ್ತು ಬಾಯಿಗಿಟ್ಟಳು. ನಾವು ಮೂವರೂ ಅಗಿಯುವ ಅವಳ ಬಾಯನ್ನೇ ನೋಡುತ್ತಿದ್ದೆವು. ಸಿಸ್ಟರುಗಳು ಕಂಡಿದ್ದರೆ ಬ್ಯಾಡ್ ಮ್ಯಾನರ್ಸ್ ಎನ್ನುತ್ತಿದ್ದರು.

"ಬಿಸಿ ಐತೆ," ಎಂದಳು ಅಕ್ಕ, ಅದೊಂದು ರುಚಿಯ ಹೆಸರೆಂಬಂತೆ. "ಉಪ್ಪು ಸಾಲ್ದು. ಉಣ್ರಿನ್ನು."

ಊರಿಗೆ ಮರಳಿದ ಮೇಲೆ ಅವಳು ಸಂಪೂರ್ಣ ಬದಲಾದಳೆಂದು ನಾನು ಬರೆದರೆ ನೀವು ನಂಬಬೇಡಿ. ಈಗಲೂ ಬಡಿಸುವವಳು ಅವಳೇ, ಒಮ್ಮೊಮ್ಮೆ ಹಿಂದೆ ಉಳಿಯುವವಳೂ ಅವಳೇ. ಆದರೆ ಬಹುತೇಕ ದಿನ ನಾವು ಅವಳ ತಟ್ಟೆಯನ್ನು ಮೊದಲು ಇಟ್ಟು ಕೈ ಕಟ್ಟಿ ಕೂರುತ್ತೇವೆ. ಅವಳು ಬೈದುಕೊಂಡು ಒಂದು ತುತ್ತು ಮುರಿಯುತ್ತಾಳೆ, ಕೂತ ಮೇಲೆ ಎರಡನೆಯದೂ ಇಳಿಯುತ್ತದೆ. ಆಮೇಲೆ ಅವಳು ಬಿದ್ದಿಲ್ಲ.

ನಿನ್ನೆ ಮುದ್ದೆ, ಸೊಪ್ಪಿನ ಸಾರು. ಪಾತ್ರೆಯಲ್ಲಿ ಸೌಟಿನ ಹಿಡಿ ನನ್ನ ಕಡೆಗೆ ತಿರುಗಿತ್ತು. ಅಕಸ್ಮಾತ್ತಾಗಿಯೋ, ಅಕ್ಕನೇ ತಿರುಗಿಸಿದ್ದೋ, ಕೇಳುವ ಧೈರ್ಯವಾಗಲಿಲ್ಲ. ಹಿಡಿದು ಅವಳ ತಟ್ಟೆಗೆ ಸಾರು ಬಿಟ್ಟೆ. ಅಭ್ಯಾಸವಿಲ್ಲದ ಕೈ; ಅರ್ಧ ನೆಲಕ್ಕೆ ಚೆಲ್ಲಿತು.

"ಆ ಇಂಗ್ಲಿಷ್ ಇಸ್ಕೂಲ್ನಲ್ಲಿ ಸಾರ್ ಬುಡೋದ ಕಲಿಸ್ಲಿಲ್ವೇನಮ್ಮಿ?" ಎಂದಳು ಅಕ್ಕ, ಮುದ್ದೆ ಮುರಿಯುತ್ತ. ನೆಲ ಒರೆಸಲು ಮಾತ್ರ ಏಳಲಿಲ್ಲ.